ಬಹುಕಸುಬು ಮೀಮಾಂಸೆ: ಉದ್ಯೋಗದ ಕಾಲಂ ಕುರಿತು ಒಂದು ಶಾಸ್ತ್ರೀಯ ಜಿಜ್ಞಾಸೆ

ಮಂಗಳಾಚರಣೆ ಇಲ್ಲದೆ ಶಾಸ್ತ್ರಗ್ರಂಥ ಶುರುವಾಗಬಾರದು. ಆದ್ದರಿಂದ ಮೊದಲು ಕಟಿಂಗ್ ಪ್ಲೇಯರಿಗೆ ನಮಸ್ಕಾರ. ತಂತಿ ಕತ್ತರಿಸಲು, ನಟ್ಟು ಬಿಚ್ಚಲು, ಮೊಳೆ ಹೊಡೆಯಲು, ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಒದಗುವ ಈ ದೇವತೆ ಇದುವರೆಗೆ ಯಾರಿಗೂ ‘ಅದು ನನ್ನ ವಿಭಾಗಕ್ಕೆ ಬರುವುದಿಲ್ಲ’ ಎಂದದ್ದಿಲ್ಲ.

ಇನ್ನು ಲಕ್ಷಣ ನಿರೂಪಣೆ. ಒಂದನ್ನೇ ಬಲ್ಲವನು ತಜ್ಞ. ಆ ಒಂದನ್ನೂ ಇನ್ನೊಬ್ಬರ ಕೈಯಲ್ಲಿ ಮಾಡಿಸುವವನು ಹಿರಿಯ ತಜ್ಞ. ಕಣ್ಣಿಗೆ ಬಿದ್ದ ಕೆಲಸವನ್ನೆಲ್ಲ ಕಲಿತು, ಕಲಿತದ್ದನ್ನೆಲ್ಲ ಮಾಡಿ, ಮಾಡಿದ್ದಕ್ಕೆಲ್ಲ ಸರಿಯಾಗಿ ಕೂಲಿ ಸಿಗದವನು ಬಹುಕಸುಬಿ. ಬಹುಕಸುಬಿತನವನ್ನು ಅಳೆಯುವ ಮಾನ ಯಾವುದೆಂದರೆ, ಆಸಾಮಿ ಒಂದು ಲೋಟ ಚಹಾ ಮುಗಿಸುವುದರೊಳಗೆ ಎಷ್ಟು ಮನೆಯವರು ‘ಒಂಚೂರು ಬಂದು ಹೋಗಪ್ಪಾ’ ಎಂದು ಕರೆದರು ಎಂಬುದು. ಈ ಮಾನದಲ್ಲಿ ವಿಶ್ವವಿದ್ಯಾಲಯಗಳ ಬಹುಪಾಲು ಪ್ರಾಧ್ಯಾಪಕರ ಅಂಕ ಸೊನ್ನೆ. ಪ್ರಬಂಧಕಾರನ ಅಂಕವೂ ಅಷ್ಟೇ ಇರುವುದರಿಂದ ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಅಧ್ಯಯನದ ಕ್ಷೇತ್ರ ಸೂರಗೊಂಡನಕೊಪ್ಪ. ಈ ಆಯ್ಕೆಗೆ ಕಾರಣ, ಊರೇ ಬಹುಕಸುಬಿ. 1997ರ ಆಗಸ್ಟ್‌ವರೆಗೆ ಇದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಆಮೇಲೆ ಹೊನ್ನಾಳಿ, ಚನ್ನಗಿರಿಗಳ ಜೊತೆ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ನ್ಯಾಮತಿ ಬೇರೆ ತಾಲ್ಲೂಕಾದಾಗ ಅದರ ಪಾಲಿಗೆ ಹೋಯಿತು. ಕೂತಲ್ಲಿಂದ ಏಳದೆ ಎರಡು ಜಿಲ್ಲೆ, ಎರಡು ತಾಲ್ಲೂಕು ನೋಡಿದ ಊರು. ದೇಶದ ಬಂಜಾರರಿಗೆ ಮಾತ್ರ ಇದು ಎಂದೂ ಭಾಯಾಗಡ್. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಅವರು ನಡೆದುಕೊಳ್ಳುವ ಜಾಗ. ಫೆಬ್ರವರಿ ನಡುವಿನಲ್ಲಿ ಮಾಲೆ ಹಾಕಿದವರು ದೂರದೂರದ ತಾಂಡಾಗಳಿಂದ ನಡೆದು ಬರುತ್ತಾರೆ.

ಈಗ ಪೂರ್ವಪಕ್ಷ. ‘ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆ’ ಎಂದು ಪಂಡಿತರು ಹೇಳುತ್ತಾರೆ. ತುಂಗಭದ್ರೆ ತುಂಬಿ ಹರಿಯುವ ಹೊನ್ನಾಳಿಯಲ್ಲಿ ಕೂತವರು ಈ ಮಾತನ್ನು ಒಪ್ಪಬಹುದು. ಬರದ ಸೀಮೆಯ ಜಗಳೂರಿನವರು ಒಪ್ಪಲಾರರು. 57 ಕೆರೆಗಳಿಗೆ ಅದೇ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬರುವ ತನಕ ಆ ಸೀಮೆಯಲ್ಲಿ ದೋಣಿಯ ಪ್ರಶ್ನೆಯೇ ಎದ್ದಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಒಂದೇ ಕಸುಬು ನೆಚ್ಚಿದವನು ಒಣನೆಲದ ಮೇಲೇ ಮುಳುಗುತ್ತಾನೆ. ಹೀಗೆ ಪೂರ್ವಪಕ್ಷವು ಭೂಗೋಳದಿಂದಲೇ ಖಂಡಿತವಾಯಿತು.

ಸಿದ್ಧಾಂತಕ್ಕೆ ಶಾಸ್ತ್ರಪ್ರಮಾಣ ಬೇಕಲ್ಲ, ಅದೂ ನಮ್ಮಲ್ಲೇ ಧಾರಾಳವಾಗಿದೆ. ಹನ್ನೊಂದನೇ ಶತಮಾನದ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥ ಬರೆದ. ಮನೆ ಕಟ್ಟುವುದು, ನೀರಿನ ಸೆಲೆ ಹುಡುಕುವುದು, ಗಿಡದ ರೋಗ, ದನದ ರೋಗ, ಅಡುಗೆ, ಅತ್ತರು, ವಿಷಕ್ಕೆ ಮದ್ದು, ಎಲ್ಲವೂ ಒಂದೇ ಕಟ್ಟಿನಲ್ಲಿ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ ಬರೆಸಿದ. ಆನೆ ಹಿಡಿಯುವುದರಿಂದ ಮೀನು ಹಿಡಿಯುವ ತನಕ ಅದರಲ್ಲಿಲ್ಲದ ವಿದ್ಯೆ ಕಡಿಮೆ. ಅವನನ್ನು ಜನ ಸರ್ವಜ್ಞ ಭೂಪನೆಂದರು. ನಮ್ಮ ಕಾಲದಲ್ಲಿ ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನ ಕುಣಿದರು, ಮೂಕಿ ಚಿತ್ರ ತೆಗೆದರು, ‘ವಿಜ್ಞಾನ ಪ್ರಪಂಚ’ ಬರೆದರು. ಅವರು ನಡೆದಾಡುವ ವಿಶ್ವಕೋಶವಾದರು. ಗೌರವ ತಪ್ಪಲ್ಲ, ಅವರಿಗೆ ಸಲ್ಲಬೇಕಾದ್ದೇ. ಆದರೆ ಕಿರೀಟವೂ ಪುಸ್ತಕವೂ ಇಲ್ಲದವನು ಇಷ್ಟೇ ವಿದ್ಯೆ ಕಲಿತರೆ ಅವನ ಬಿರುದೇನು? ಅಲ್ಲಿಗೇ ಬರುತ್ತಿದ್ದೇನೆ.

ಲದೇಣಿಯ, ಅಂದರೆ ಎತ್ತಿನ ಮೇಲೆ ಸರಕು ಸಾಗಿಸುವ ಕಸುಬಿನ, ಕಾಲವನ್ನು ನೋಡಿ. ಬಂಜಾರರು ಸಾಲು ಸಾಲು ಎತ್ತುಗಳ ಬೆನ್ನಿಗೆ ಉಪ್ಪು, ಧಾನ್ಯ ಹೇರಿ ದಖ್ಖನ್ನಿನ ಉದ್ದಗಲ ಸುತ್ತುತ್ತಿದ್ದರು. ಹಾಗೆ ಹೊರಟ ಗುಂಪಿಗೆ ದನದ ವೈದ್ಯ ಬೇಕು, ಹೇರು ಎರಡೂ ಬದಿಗೆ ಸಮ ತೂಗುವಂತೆ ಗೋಣಿ ಹೊಲಿಯುವವನು ಬೇಕು, ಮಳೆಯ ವಾಸನೆ ಹಿಡಿಯುವವನು, ಹೊಳೆಯ ಆಳ ಬಲ್ಲವನು, ಐದಾರು ಭಾಷೆಯಲ್ಲಿ ಚೌಕಾಸಿ ಮಾಡುವವನು ಬೇಕು, ಜಗಳ ಬಂದರೆ ನ್ಯಾಯ ಹೇಳುವ ನಾಯಕ್ ಬೇಕು. ಪ್ರತಿ ಕೆಲಸಕ್ಕೂ ಒಬ್ಬೊಬ್ಬ ತಜ್ಞನನ್ನು ಕಟ್ಟಿಕೊಂಡು ಹೊರಟಿದ್ದರೆ ಎತ್ತುಗಳು ಉಪ್ಪಿನ ಬದಲು ತಜ್ಞರನ್ನೇ ಹೊರಬೇಕಾಗುತ್ತಿತ್ತು. ಆದ್ದರಿಂದ ಎಲ್ಲರೂ ಎಲ್ಲವನ್ನೂ ಅಷ್ಟಿಷ್ಟು ಕಲಿತರು. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಮುತ್ತಿದಾಗ ಅವನ ದಂಡು ಊಟಕ್ಕೆ ನೆಚ್ಚಿದ್ದು ಇಂಥ ‘ಬ್ರಿಂಜಾರಿ’ಗಳನ್ನೇ.

ಆಮೇಲೆ ರೈಲು ಬಂತು, ಎತ್ತಿನ ಬೆನ್ನು ಖಾಲಿಯಾಯಿತು. ರೈಲಿನ ಜೊತೆಗೆ ಕಾಲಂ ಬರೆಯುವ ಸಾಹೇಬನೂ ಬಂದ. ಒಂದೇ ಊರಿಲ್ಲ, ಒಂದೇ ಕಸುಬಿಲ್ಲ, ಇವರನ್ನು ಯಾವ ಪಟ್ಟಿಗೆ ಸೇರಿಸುವುದು? 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿತು, ಹಲವು ಕಡೆ ಬಂಜಾರರೂ, ಅಂದರೆ ನಮ್ಮ ಲಂಬಾಣಿಗರೂ, ಆ ಪಟ್ಟಿಗೆ ಬಿದ್ದರು. ನಿನ್ನೆ ದಂಡಿಗೆ ಅನ್ನ ಹೊತ್ತವರು ಇವತ್ತು ಹುಟ್ಟುಗಳ್ಳರು! ಕಾಯಿದೆ ರದ್ದಾದದ್ದು 1952ರಲ್ಲಿ. ಪಟ್ಟಿ ಹರಿದರೂ ಪಟ್ಟಿ ಬರೆಯುವ ಚಾಳಿ ಉಳಿದೇ ಇದೆ.

ಕ್ಷೇತ್ರಕಾರ್ಯದ ವರದಿ. ಮುಂಗಾರಿಗೆ ಮೆಕ್ಕೆಜೋಳ ಬಿತ್ತನೆ. ಅದು ಕೈಗೆ ಬರುವ ಹೊತ್ತಿಗೆ ಚನ್ನಗಿರಿ ಕಡೆ ಅಡಿಕೆ ಸುಗ್ಗಿ: ಕೊನೆ ಇಳಿಸು, ಸುಲಿ, ಚೊಗರಿನಲ್ಲಿ ಬೇಯಿಸು, ಒಣಗಿಸು. ಹಂಡೆ ಕುದಿಯುವಾಗ ಮುಂದೆ ನಿಂತವನು ಒಂದು ಅಡಿಕೆ ಎತ್ತಿ, ಒತ್ತಿ ನೋಡಿ, ‘ಆಯ್ತು, ತೆಗೀರಿ’ ಅನ್ನುತ್ತಾನೆ. ಆ ಒಂದು ಮಾತಿನ ಮೇಲೆ ಖೇಣಿದಾರನ ಲಾಭ ನಷ್ಟ ನಿಂತಿದೆ. ಅವನ ಕೈಯಲ್ಲಿ ಥರ್ಮಾಮೀಟರೂ ಇಲ್ಲ, ಪದವಿಯೂ ಇಲ್ಲ. ಡಿಸೆಂಬರ್ ಬಂದರೆ ಕಾಫಿ ಹಣ್ಣು ಬಿಡಿಸಲು ಚಿಕ್ಕಮಗಳೂರಿಗೆ ಗುಳೆ. ನಡುವೆ ಯಾರದೋ ಬೋರ್‌ವೆಲ್ ಮೋಟಾರು ಎತ್ತಬೇಕು, ಯಾರದೋ ಮನೆಗೆ ಹೆಂಚು ಕೂರಿಸಬೇಕು, ಎಮ್ಮೆ ಕರು ಹಾಕಲು ಕಷ್ಟಪಡುತ್ತಿದ್ದರೆ ಅಲ್ಲಿಗೂ ಓಡಬೇಕು. ಕೂಲಿ ಕೇಳಿದರೆ ಉತ್ತರ ಸಿದ್ಧ: ‘ನಿಂಗ್ ಹೆಂಗೂ ಬರ್ತದಲ್ಲೋ ಮಾರಾಯ, ಅದೇನ್ ದೊಡ್ಡ ಕೆಲ್ಸಾ?’ ಸಂಭಾವನೆ ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ.

ಹೆಂಗಸರ ವಿದ್ಯೆಗೆ ಬೇರೆ ಸಂಪುಟವೇ ಬೇಕು, ಒಂದು ಕನ್ನಡಿ ಮಾತ್ರ ತೋರಿಸುತ್ತೇನೆ. ಲಂಬಾಣಿ ಹೆಂಗಸರ ರವಿಕೆಯಾದ ಕಾಂಚಳಿಯ ಮೇಲೆ ಕನ್ನಡಿ ಕೂರಿಸಲು ಅಂಟು ಬೇಡ, ಕನ್ನಡಿಗೆ ತೂತೂ ಇಲ್ಲ. ಮೊದಲು ಅದರ ಮೇಲೆ ಅಡ್ಡಡ್ಡ, ಉದ್ದುದ್ದ ದಾರ ಎಳೆದು ಹಿಡಿತ ಕೊಡುತ್ತಾರೆ. ಆಮೇಲೆ ಆ ದಾರಗಳಿಗೇ ಸೂಜಿ ಸಿಕ್ಕಿಸಿ ಅಂಚಿನ ಸುತ್ತ ಹೊಲಿಯುತ್ತಾ ಬಂದರೆ ಅವು ಬದಿಗೆ ಸರಿದು, ನಡುವೆ ಕನ್ನಡಿ ತೆರೆದುಕೊಳ್ಳುತ್ತದೆ. ಬಟ್ಟೆ ಎಷ್ಟು ಕುಣಿದರೂ ಅದು ಬೀಳುವುದಿಲ್ಲ. ಇದೇ ಕಸೂತಿಯ ಸಂಡೂರು ಬಗೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ–20 ಸಭೆಯಲ್ಲಿ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ವಿದೇಶಿ ಪ್ರತಿನಿಧಿಗಳು ಬೆರಗಾದರು.

ಇನ್ನು ಫಲಿತಾಂಶ. ಇಷ್ಟೆಲ್ಲ ಬಲ್ಲ ಗಂಡ ಹೆಂಡತಿ ಯಾವುದೋ ಅರ್ಜಿ ತುಂಬಿಸಲು ಹೋಗುತ್ತಾರೆ. ‘ಉದ್ಯೋಗ’ ಎಂಬ ಪದದ ಮುಂದೆ ಒಂದು ಗೇಣಿನ ಗೆರೆ. ಬರೆಯುವವನು ಏನು ಕೆಲಸ ಅಂತ ಕೇಳುತ್ತಾನೆ. ಇವರು ಅಡಿಕೆಯಿಂದ ಶುರುಮಾಡಿ ಎಮ್ಮೆಗೆ ಬರುವಷ್ಟರಲ್ಲಿ ಅವನು ಎರಡೇ ಅಕ್ಷರ ಬರೆದು ಮುಗಿಸಿರುತ್ತಾನೆ: ‘ಕೂಲಿ’. 2005ರ ಉದ್ಯೋಗ ಖಾತರಿ ಕಾಯಿದೆಯಂತೂ ವರ್ಷಕ್ಕೆ ನೂರು ದಿನ ಕೊಟ್ಟದ್ದು ಕೌಶಲ ಬೇಡದ ಮೈಮುರಿ ಕೆಲಸವನ್ನು. ನೂರು ದಿನ ಸಿಕ್ಕರೆ ಅದು ಉಪಕಾರವೇ. ಆದರೆ ಅದೇ ಸೂಜಿ ಹಿಡಿದ ಕೈ ಗುದ್ದಲಿ ಹಿಡಿದೊಡನೆ ಲೆಕ್ಕದಲ್ಲಿ ಏನೂ ಬಾರದ ಕೈ ಆಗುವುದು ಹೇಗೆಂಬುದಕ್ಕೆ ಯಾವ ಮೀಮಾಂಸೆಯಲ್ಲೂ ಉತ್ತರವಿಲ್ಲ. ನೂರು ಅಧ್ಯಾಯದ ದೊರೆ ಸರ್ವಜ್ಞ, ಹತ್ತು ಕಸುಬಿನ ರೈತ ಕೂಲಿ: ಇಬ್ಬರ ನಡುವಿನ ವ್ಯತ್ಯಾಸ ವಿದ್ಯೆಯದಲ್ಲ, ಬರೆದುಕೊಳ್ಳುವವರದು.

ಆದಕಾರಣ ಅರ್ಜಿ ನಮೂನೆ ಅಚ್ಚು ಹಾಕಿಸುವ ಮಹನೀಯರಲ್ಲಿ ಪ್ರಬಂಧಕಾರನ ವಿನಂತಿ ಇಷ್ಟೆ. ಹೊಸ ಯೋಜನೆ ಬೇಡ, ಸಮಿತಿ ಬೇಡ, ಸಮೀಕ್ಷೆಯಂತೂ ಬೇಡವೇ ಬೇಡ. ಮುಂದಿನ ಸಲ ‘ಉದ್ಯೋಗ’ದ ಮುಂದೆ ಇನ್ನೊಂದು ನಾಲ್ಕು ಗೆರೆ ಜಾಗ ಬಿಡಿ. ಕಾಗದ ಸಾಲದಿದ್ದರೆ ‘ಅರ್ಜಿದಾರರ ಸಹಿ’ಯ ಕೆಳಗೆ ಅಧಿಕಾರಿಗಳ ಮೊಹರಿಗೆಂದು ಬಿಟ್ಟಿರುವ ಜಾಗವನ್ನು ಸ್ವಲ್ಪ ಕಡಿಮೆ ಮಾಡಿ.