ಸೊನ್ನೆಗಿಂತ ಕೆಳಗಿನ ಮೊಮ್ಮಗ

ಸ್ಟುಟ್‌ಗಾರ್ಟಿನ ನಮ್ಮ ಮನೆಯಲ್ಲಿ ಮೊನ್ನೆಯಿಂದ ಬರೀ ಲೆಕ್ಕದ್ದೇ ಮಾತು. ಶಿವಮೊಗ್ಗದಿಂದ ಬಂದಿರುವ ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಮೊಮ್ಮಗನ ಟೆಸ್ಟ್ ಪೇಪರ್ ಕೈಗೆ ಸಿಕ್ಕಿದ್ದೇ ಕನ್ನಡಕ ಏರಿಸಿದರು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘1-’.

“ಸೊನ್ನೆ ತಗೊಂಡೋರಿಗೆಲ್ಲ ಪಾಠ ಹೇಳಿದೀನಿ ಕಣೋ. ಸೊನ್ನೆಗಿಂತ ಕೆಳಗಿಳಿದೋನನ್ನ ಇದೇ ಮೊದಲು ನೋಡ್ತಿರೋದು!”

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಶೃಂಗೇರಿ ಶಾರದಮ್ಮನಿಗೆ ಹರಕೆ ಹೊತ್ತಾಗಿತ್ತು. ತುಮಕೂರಿನ ಅತ್ತೆಗೆ ವಾಟ್ಸಾಪ್ ಹೋಗಿತ್ತು. ಭದ್ರಾವತಿಯ ಚಿಕ್ಕಪ್ಪ, “ಹುಡುಗನ್ನ ಊರಿಗೆ ಕಳಿಸಿ, ಟ್ಯೂಷನ್ನಿಗೆ ಹಾಕೋಣ” ಎಂದು ಧೈರ್ಯ ತುಂಬಿದ್ದರು.

ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4ರವರೆಗೆ ಪಾಸು, 6 ಬಂದರೆ ಕಥೆ ಮುಗೀತು. ಪಕ್ಕದ ಗೀಟು ಸ್ವಲ್ಪ ಕಡಿಮೆ ಅನ್ನೋದಕ್ಕಷ್ಟೇ ಎಂದು ಬಿಡಿಸಿ ಹೇಳಿದೆ. ಅಪ್ಪ ಬಿಡಲಿಲ್ಲ. “ಅಂಕಿ ಚಿಕ್ಕದಾದಷ್ಟೂ ಒಳ್ಳೇದು ಅಂತೀಯ. ಮೈನಸ್ ಒಂದು ಒಂದಕ್ಕಿಂತ ಚಿಕ್ಕದು. ಅಂದ್ಮೇಲೆ ಇದು ಒಂದಕ್ಕಿಂತ ಮೇಲಲ್ವೇನೋ?” ಅಷ್ಟರಲ್ಲಿ ಮಗಳು, ತನ್ನ ದೊಡ್ಡ ತರಗತಿಯಲ್ಲಿ 15 ಪಾಯಿಂಟೇ ಅತ್ಯುತ್ತಮ, 1 ಬಂದರೆ ಗೋವಿಂದ ಎಂದಳು. ಅಪ್ಪ ನೀರು ಕೇಳಿದರು.

ಕೊನೆಗೆ ಒಳಗಿನ ಅಂಕ ಹುಡುಕಿದರು: 40ಕ್ಕೆ 38. ಎರಡು ಹೋಗಿದ್ದು ಉತ್ತರದ ಮುಂದೆ ಸೆಂಟಿಮೀಟರ್ ಬರೆಯದ್ದಕ್ಕೆ. “ಆ ಮೇಷ್ಟ್ರು ಸರಿಯಾಗೇ ಕತ್ತರಿಸಿದಾರೆ” ಎಂದು ಪಕ್ಷಾಂತರ ಮಾಡಿದರು. ಪಾಲಕರ ಸಹಿಯ ಜಾಗದಲ್ಲಿ, ಹಿಂದೆ ಮಾರ್ಕ್ಸ್ ಕಾರ್ಡುಗಳಿಗೆ ಹಾಕುತ್ತಿದ್ದ ಹಾಗೆ, ಬಾಲ ಎಳೆದು ಕನ್ನಡದಲ್ಲೇ ಸಹಿ ಹಾಕಿದರು. ಬರೆಯುವಾಗ ಕೈ ನಡುಗುತ್ತಿತ್ತು. ಬಾಲ ಮಾತ್ರ ನೆಟ್ಟಗೆ ಬಂತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಹೊರದೇಶದ ಅಂಕಗಳನ್ನು ಜರ್ಮನ್ ದರ್ಜೆಗೆ ಇಳಿಸಲು ಬವೇರಿಯನ್ ಸೂತ್ರ ಅಂತೊಂದಿದೆ. ಗರಿಷ್ಠದಿಂದ ಬಂದ ಅಂಕ ಕಳೆದು, ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಮಗಳು ಅದನ್ನು ತಾತನಿಗೆ ಹೇಳಿಕೊಟ್ಟಳು. ತಾತ ನನ್ನ ಎಸ್ಸೆಸ್ಸೆಲ್ಸಿಯ ಶೇಕಡಾ 61 ತೆಗೆದುಕೊಂಡರು, ಪಾಸಿಗೆ 35. ಉತ್ತರ 2.8.

“ಅಯ್ಯೋ ಅಪ್ಪಾ, ಬರೀ ಮೂರಾ?” ಎಂದ ಮೈನಸ್ ಒಂದು. ತಾತ-ಮೊಮ್ಮಗ ಕೈ ತಟ್ಟಿಕೊಂಡರು.

ಹೊರನಾಡ ಬಂಧುಗಳೇ, ಅಪ್ಪ-ಅಮ್ಮನಿಗೆ ವೀಸಾ ಮಾಡಿಸಿ, ತಪ್ಪದೇ ಕರೆಸಿಕೊಳ್ಳಿ. ನಿಮ್ಮ ಮಾರ್ಕ್ಸ್ ಅವರಿಗೆ ಬಾಯಿಪಾಠ ಅನ್ನುವುದು ಮಾತ್ರ ನೆನಪಿರಲಿ.