ಚದರಡಿ ಲೆಕ್ಕದಲ್ಲಿ ಇಡ್ಲಿ ವಡೆ

ಬೆಂಗಳೂರಿನಲ್ಲಿ ಹಳೇ ಹೋಟೆಲೊಂದು ಮುಚ್ಚುತ್ತದೆ ಎಂಬ ಸುದ್ದಿ ಬಂದರೆ ಮೊದಲು ಓಡಿ ಬರುವವರು ವರ್ಷಗಟ್ಟಲೆ ಅತ್ತ ತಲೆ ಹಾಕದವರು. ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರಿಂದ ನಡೆದುಬಂದದ್ದು. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಹಾಕುತ್ತದೆಂದು ಪತ್ರಿಕೆಗಳಲ್ಲಿ ಬಂದದ್ದೇ ತಡ, ಬಟನ್ ಇಡ್ಲಿಯ ಫೋಟೋಗಳು ಎಲ್ಲರ ಫೋನಿನಲ್ಲೂ ಉರುಳಾಡಿದವು. ಈ ಕೊನೆಯ ವಾರದ ಭಕ್ತರೆಲ್ಲ ತಿಂಗಳಿಗೊಮ್ಮೆ ಬಂದಿದ್ದರೆ ಮುಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ ಎನ್ನೋಣವೆಂದರೆ, ಅದೂ ಸುಳ್ಳು. ಹೋಟೆಲು ತುಂಬಿ ತುಳುಕುತ್ತಿದ್ದರೂ ಮುಚ್ಚುತ್ತದೆ. ರೋಗ ಇರುವುದು ಅಡುಗೆಮನೆಯಲ್ಲಲ್ಲ, ಅಡಿಪಾಯದಲ್ಲಿ.

ಹೆಸರಾಂತ ಹೋಟೆಲಿಗಾದರೆ ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಉಂಟು. ನಮ್ಮ ಬೀದಿಯ ಕೊನೆಯಲ್ಲಿದ್ದುದಕ್ಕೆ ಅದೂ ಸಿಗಲಿಲ್ಲ. ಅದರ ಬೋರ್ಡಿನ ಅಕ್ಷರಗಳನ್ನು ಮಳೆ ಒಂದೊಂದಾಗಿ ತೊಳೆದು ‘ಭವನ’ ಎಂಬಷ್ಟು ಮಾತ್ರ ಉಳಿದಿತ್ತು. ಒಳಗೆ ಗೋಡೆಯ ಮೇಲಿನ ಸಾಹಿತ್ಯ ಮಾತ್ರ ಸುಸ್ಪಷ್ಟ: ‘ತಟ್ಟೆಯಲ್ಲಿ ಕೈ ತೊಳೆಯಬಾರದು’, ‘ಇಂದು ನಗದು ನಾಳೆ ಉದ್ರಿ’, ‘ರಾಜಕೀಯ ಮಾತಾಡಬಾರದು’. ಮೂರನೆಯದರ ಕೆಳಗಿನ ಟೇಬಲ್ಲಿನಲ್ಲೇ ಎಷ್ಟೋ ಸರ್ಕಾರಗಳು ಬಿದ್ದಿವೆ. ಉದ್ರಿಯ ವಿಷಯಕ್ಕೆ ಬಂದರೆ, ಗಲ್ಲಾದಲ್ಲಿ ಕೂತ ಯಜಮಾನರ ಬಳಿ ಹಾಳೆಯಂಚು ಸಾಂಬಾರು ಕುಡಿದ ಒಂದು ನೋಟ್‌ಬುಕ್ ಇರುತ್ತಿತ್ತು. ಅದು ಯಾಕಿತ್ತು ಎಂದು ಯಾರೂ ಗೋಡೆಯನ್ನು ಕೇಳುತ್ತಿರಲಿಲ್ಲ.

ಅಲ್ಲಿಯ ಸಪ್ಲೈಯರ್ ಬಿಲ್ಲು ಬರೆದದ್ದನ್ನು ನಾನು ಕಂಡಿಲ್ಲ. ನಾವು ಕೈ ತೊಳೆದು ಗಲ್ಲಾ ತಲುಪುವ ಹೊತ್ತಿಗೆ ಹಿಂದಿನಿಂದ ಕೂಗು ಬರುತ್ತಿತ್ತು: “ಕನ್ನಡಕ, ಐವತ್ತೈದು! ಅವರ ಹಿಂದೆ ಛತ್ರಿ, ಎಂಬತ್ತು!” ಮನುಷ್ಯನಿಗೆ ಇಷ್ಟು ಚುಟುಕಾದ ಗುರುತಿನ ಚೀಟಿ ಇನ್ನೆಲ್ಲೂ ಸಿಗಲಾರದು. ಚಳಿಗಾಲದಲ್ಲಿ ಕೋತಿ ಟೋಪಿ ಹಾಕಿಕೊಂಡು ಹೋದರೂ ನಾನು ಕನ್ನಡಕವೇ.

ಬೈ-ಟು ಕಾಫಿಯ ಮಹಿಮೆ ಆ ಟೇಬಲ್ಲಿನಲ್ಲೇ ತಿಳಿಯಬೇಕು. ಅರ್ಧ ಲೋಟ ಕಾಫಿಗೆ ಒಂದು ಗಂಟೆ ಕೂರುವ ಹಕ್ಕು, ಫ್ಯಾನಿನ ಗಾಳಿ, ಪಕ್ಕದವರ ಪೇಪರಿನ ಒಳಪುಟ, ಇಷ್ಟೂ ಸೇರಿರುತ್ತಿತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಲೇ ಈ ಹಕ್ಕಿಗೆ ಮೊದಲ ಪೆಟ್ಟು ಬಿತ್ತು. ಟೋಕನ್ ತೆಗೆದುಕೋ, ನಿಂತು ತಿನ್ನು, ತಟ್ಟೆ ಇಟ್ಟು ನಡೆ. ದರ್ಶಿನಿಗಳನ್ನು ಬೈಯುವ ಮನಸ್ಸಿಲ್ಲ. ಅಗ್ಗ, ಚೊಕ್ಕಟ, ಬಿಸಿ. ಆದರೆ ಬಾಡಿಗೆ ಏರುವ ಊರಿನಲ್ಲಿ ಕುರ್ಚಿಯೇ ಅತ್ಯಂತ ದುಬಾರಿ ತಿಂಡಿ ಎಂಬುದನ್ನು ಅವರು ಎಲ್ಲರಿಗಿಂತ ಮೊದಲೇ ಕಂಡುಕೊಂಡರು.

ಕೂರಿಸುತ್ತಲೇ ಉಳಿದವರಿಗೆ ಬಂದ ಕಷ್ಟ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸಿನವರಿಗೆ ಗೊತ್ತು. ಕಾಫಿ ಬೋರ್ಡು ಕೈಬಿಟ್ಟಾಗ ಕೆಲಸಗಾರರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಕೆಟಲ್ ಕೈಗೆತ್ತಿಕೊಂಡವರು. ಬೋರ್ಡನ್ನೇ ಎದುರಿಸಿ ನಿಂತವರು 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಯಿತು. ಪೇಟ, ಸೊಂಟಪಟ್ಟಿ ಸಮೇತ ಚರ್ಚ್ ಸ್ಟ್ರೀಟಿಗೆ ಹೋಗಿ ಕಾಫಿ ಮುಂದುವರಿಸಿದರೆನ್ನುವುದು ಸಮಾಧಾನ. ಗಲ್ಲಿ ಹೋಟೆಲುಗಳಿಗೆ ಹೀಗೆ ಪಕ್ಕದ ರಸ್ತೆಯ ಭಾಗ್ಯವಿಲ್ಲ.

ನಮ್ಮದರ ಕಥೆ ತೀರಾ ಸಾಧಾರಣ. ಕಟ್ಟಡದ ಮಾಲೀಕ ತಾತ ಹಳೇ ಬಾಡಿಗೆ ಇಸಕೊಂಡು ದಿನಾ ಬೆಳಿಗ್ಗೆ ಎರಡು ಖಾಲಿ ದೋಸೆ ತಿಂದು ಸುಖವಾಗಿದ್ದರು. ಅವರು ಹೋದ ಮೇಲೆ ಆಸ್ತಿ ನಾಲ್ವರು ಮಕ್ಕಳ ಪಾಲಿಗೆ ಬಂತು. ದೋಸೆಯನ್ನು ನಾಲ್ಕು ಪಾಲು ಮಾಡಬಹುದು, ಮೂವತ್ತು ನಲವತ್ತರ ಸೈಟನ್ನು ಮಾಡುವುದು ಕಷ್ಟ. ಹಾಗಾಗಿ ಬಿಲ್ಡರು ಬಂದ, ಜಾಯಿಂಟ್ ಡೆವಲಪ್‌ಮೆಂಟ್ ಅಂದ, ತಲೆಗೊಂದು ಮಹಡಿ ಅಂದ. ಮಕ್ಕಳ ತಪ್ಪೇನಿದೆ? ದೋಸೆಗೆ ಐದು ರೂಪಾಯಿ ಏರಿಸಿದರೆ ಹುಬ್ಬು ಗಂಟಿಕ್ಕುವ ಗಿರಾಕಿಯೇ, ತನ್ನ ಬಡಾವಣೆಯಲ್ಲಿ ಚದರಡಿ ರೇಟು ಎಲ್ಲಿಗೆ ಮುಟ್ಟಿದೆ ಎಂದು ಹೇಳುವಾಗ ಉಬ್ಬಿಹೋಗಿ ಇನ್ನೊಂದು ಸಲ ಚಟ್ನಿ ಹಾಕಿಸಿಕೊಳ್ಳುತ್ತಿದ್ದ. ಆ ಟೇಬಲ್ಲಿನಲ್ಲಿ ಸರ್ಕಾರಗಳ ನಂತರ ನಾವು ಅತಿ ಹೆಚ್ಚು ಚರ್ಚಿಸಿದ್ದು ಸೈಟಿನ ಬೆಲೆಯನ್ನೇ. ಯಜಮಾನರು ಗಲ್ಲಾದಿಂದ ಎಲ್ಲ ಕೇಳಿಸಿಕೊಂಡು ಸುಮ್ಮನೆ ಚಿಲ್ಲರೆ ಎಣಿಸುತ್ತಿದ್ದರು.

ಕಟ್ಟಡ ಈಗ ನಾಲ್ಕು ಮಹಡಿ ಎದ್ದಿದೆ, ಕೆಳಗೆ ಕಾರು ನಿಲ್ಲಿಸುವ ಜಾಗ. ಬೆಳಗಿನ ಗುಂಪಿನಲ್ಲಿ ಕಾಲು ಗಟ್ಟಿಯಿರುವ ನಾಲ್ಕೈದು ಮಂದಿ ಎದುರಿನ ಎಟಿಎಮ್ಮಿನ ಮೆಟ್ಟಿಲಲ್ಲಿ ಸೇರುತ್ತಾರೆ. ಸರದಿಯ ಮೇಲೆ ಒಬ್ಬೊಬ್ಬರ ಮನೆಯಿಂದ ಫ್ಲಾಸ್ಕು ಬರುತ್ತದೆ. ಮೊದಮೊದಲು ಎಬ್ಬಿಸಿ ಕಳಿಸುತ್ತಿದ್ದ ವಾಚ್‌ಮನ್‌ಗೂ ಈಗ ಒಂದು ಪಾಲು ಉಂಟು. ಛತ್ರಿಯವರ ಮನೆಯ ಡಿಕಾಕ್ಷನ್ ನೀರು ಎಂಬುದು ಅವನದೇ ತೀರ್ಪು. ಅವರ ಸರದಿಯ ದಿನ ಅವನು ಮತ್ತೆ ಡ್ಯೂಟಿ ನೆನಪಿಸಿಕೊಂಡು ಎಲ್ಲರನ್ನೂ ಎಬ್ಬಿಸುತ್ತಾನೆ.