ಶ್ರೀಯುತ 99213 ಅವರಿಗೆ, ಕುರುಗೋಡಿನಿಂದ



ಅಮೆರಿಕದ ದವಾಖಾನೆ ಬಿಲ್ಲುಗಳಲ್ಲಿ ಕೋಡ್ ಸಂಖ್ಯೆಯಾಗಿ ಠಿಕಾಣಿ ಹೂಡಿರುವ ತಮಗೆ ಬಳ್ಳಾರಿ ಜಿಲ್ಲೆಯ ಕುರುಗೋಡಿನಿಂದ ಶರಣು. ಹಳೆಯ ರೋಗಿ ಮತ್ತೆ ಬಂದು ಸಣ್ಣ ತೊಂದರೆ ತೋರಿಸಿಕೊಂಡರೆ, ಇಲ್ಲವೇ ಡಾಕ್ಟರ 20 ನಿಮಿಷ ಹಿಡಿದರೆ ತಾವು. ತೊಡಕು ಹೆಚ್ಚಿದರೆ, ಇಲ್ಲವೇ 30 ನಿಮಿಷವಾದರೆ ತಮ್ಮ ಅಣ್ಣ 99214. ಅವರ ರೇಟೂ ಜಾಸ್ತಿ. ಇದೆಲ್ಲ ನಮಗೆ ಹೇಗೆ ಗೊತ್ತು ಅಂತೀರಾ? ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಫೀಸು ಕಟ್ಟಿ ಮೆಡಿಕಲ್ ಕೋಡಿಂಗ್ ಕಲಿತ ನಮ್ಮ ಕಡೆಯ ಬಿಎಸ್ಸಿ ಹುಡುಗರಿಗೆ ಅಣ್ಣತಮ್ಮಂದಿರಾದ ನಿಮ್ಮಿಬ್ಬರ ಗುರುತು ಹಚ್ಚುವುದೇ ಹೊಟ್ಟೆಪಾಡು. ಅವರ ಮೊದಲ ಪಾಠ: ಡಾಕ್ಟರು ಬರೆದಿಡದ್ದು ನಡೆದೇ ಇಲ್ಲ.

2021ಕ್ಕೆ ಮುಂಚೆ ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಅಂಗ ಮುಟ್ಟಿ ನೋಡಿದರು ಎಂದು ಲೆಕ್ಕ ಹಾಕಿ ತಮ್ಮನ್ನು ಆರಿಸುತ್ತಿದ್ದರು. ಈಗ ನಿಮಿಷ ನೋಡುತ್ತಾರೆ, ಇಲ್ಲವೇ ತೀರ್ಮಾನದ ತೂಕ ನೋಡುತ್ತಾರೆ. ರೋಗಿ ಎದ್ದು ಹೋದಮೇಲೆ ಅವತ್ತೇ ಡಾಕ್ಟರು ಕಂಪ್ಯೂಟರ್ ಕುಟ್ಟಿದ ಹೊತ್ತೂ ಜಮಾ ಆಗುತ್ತದೆ. ತಮ್ಮ ದೇಶದ ಕಾಯಿಲೆಪಟ್ಟಿಯಂತೂ ಇನ್ನೂ ಸೊಗಸು: ದನ ಹಾಯ್ದರೆ ಡಬ್ಲ್ಯೂ55.22, ಅದೇ ದನ ಕಚ್ಚಿದರೆ ಡಬ್ಲ್ಯೂ55.21. ನಮ್ಮೂರ ಗುಡಿಯ ನಂದಿ ದೊಡ್ಡಬಸಪ್ಪ ಏಕಶಿಲೆಯಾಗಿ ಕೂತಿರುವುದರಿಂದ ಆ ಖಾತೆಯಲ್ಲಿ ಕ್ಲೇಮು ಹುಟ್ಟುವ ಸಂಭವ ಕಡಿಮೆ.

ನಮ್ಮಲ್ಲಿ ಸಂಖ್ಯೆಗಳಿಲ್ಲವೆಂದು ತಿಳಿಯಬೇಡಿ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 1650 ಚಿಕಿತ್ಸೆಗಳನ್ನು ಪಟ್ಟಿ ಮಾಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆ ಪಟ್ಟಿಯಲ್ಲಿ 2ಎ ಅಂದರೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 3ಎಗೆ ಖಾಸಗಿ ಬಾಗಿಲು ತಟ್ಟುವ ಮೊದಲು ಸರ್ಕಾರಿ ಡಾಕ್ಟರ ರೆಫರಲ್ ಚೀಟಿ ಬೇಕು. 4ಎ ತುರ್ತು, ಚೀಟಿ ಬೇಡ. ಹಾಗಾಗಿ ಇಲ್ಲಿ ಕಾಯಿಲೆ ಬಿದ್ದವರು ಮೊದಲು ತಮ್ಮ ಇನಿಷಿಯಲ್ ತಿಳಿದುಕೊಳ್ಳಬೇಕು. ಆದರೆ ಈ ಎಲ್ಲ ಸಂಕೇತಗಳು ಕಣ್ಣು ಬಿಡುವುದು ರೋಗಿ ಮಂಚ ಹತ್ತಿದ ಮೇಲೆ. ಮೆಣಸಿನಕಾಯಿ ಬಿಡಿಸುವ ಕೂಲಿ ತಪ್ಪಿಸಿಕೊಂಡು, ಬಸ್ಸು ಹತ್ತಿ, ಬರೀ ತೋರಿಸಿಕೊಂಡು ಹೋಗಲು ಬಂದ ಅಜ್ಜಿಗೆ ಯಾವ ಅಂಕಿಯೂ ಇಲ್ಲ.

“ಏನಾಗೇತಮ್ಮ?”

“ಮೊಣಕಾಲು ರೀ, ಮತ್ತ ರಾತ್ರಿ ನಿದ್ದಿ—”

“ಬಿಪಿ, ಶುಗರ್ ಗುಳಿಗಿ ಅವೇ ನುಂಗು. ಮುಂದಿನವ್ರು ಬರ್ರಿ.”

ಡಾಕ್ಟರನ್ನು ಬೈಯುವಂತಿಲ್ಲ, ಬಾಗಿಲಾಚೆ ಅರ್ಧ ಊರೇ ನಿಂತಿರುತ್ತದೆ.

ಈ ಸಂಗತಿಯನ್ನು ಕೋಡಿಂಗ್ ಹುಡುಗನೊಬ್ಬನ ಮುಂದಿಟ್ಟೆ. ಎರಡೇ ನಿಮಿಷದ ಭೇಟಿ, ತಾವೂ ಒಪ್ಪಲಾರಿರಿ ಎಂದುಕೊಂಡಿದ್ದೆ. ಅವನು ಬೆರಳು ಮಡಚಿ ಲೆಕ್ಕ ಹಾಕಿದ: ಹತೋಟಿಯಲ್ಲಿರುವ ಎರಡು ದೀರ್ಘಕಾಲದ ಕಾಯಿಲೆ, ಮೇಲೆ ಡಾಕ್ಟರು ಬರೆದುಕೊಟ್ಟ ಗುಳಿಗೆ. “ತೀರ್ಮಾನದ ತೂಕ ಮಧ್ಯಮ. ಗಡಿಯಾರ ನೋಡೋ ಹಂಗೇ ಇಲ್ಲ, ಅಜ್ಜಿ 99214!”

ತಮ್ಮನ್ನೂ ದಾಟಿ ಸೀದಾ ಅಣ್ಣನ ಸಾಲಿಗೇ ಏರಿದ ಸುದ್ದಿ ತಿಳಿಸಿದರೆ ಅಜ್ಜಿ ಕೇಳಿದ್ದು ಒಂದೇ: “ಅದಕ್ಕ ನನಗ ಏನರ ಕೊಡ್ತಾರೇನು?”

ಇಲ್ಲಬೇ, ಡಾಕ್ಟರಿಗೆ ಕೊಡ್ತಾರೆ ಎಂದೆ. ಅಷ್ಟರಲ್ಲಿ ಹುಡುಗ ಅಜ್ಜಿಯ ಚೀಟಿ ತಿರುಗಿಸಿ ಮುರುಗಿಸಿ ನೋಡಿ ಮುಖ ಸಣ್ಣದು ಮಾಡಿದ. ಎರಡು ಗುಳಿಗೆ ಹೆಸರು, ಒಂದು ಗೀಚು. ಕಾಯಿಲೆ ಯಾವುದೆಂದು ಬರೆದಿಲ್ಲ. ಪರೀಕ್ಷೆ ಮಾಡಿದ್ದೂ ಬರೆದಿಲ್ಲ.

“ಹಂಗಾರ ಆಡಿಟ್‌ನ್ಯಾಗ ಬಿದ್ದು ಹೋಗತೈತ್ರಿ,” ಅಂದ. “ಅಜ್ಜಿ ದವಾಖಾನಿಗೆ ಹೋಗೇ ಇಲ್ಲ.”

ಇಂತಿ,
ಸಂಖ್ಯೆಯಿಲ್ಲದ ಒಬ್ಬ ಹೊರರೋಗಿ